ಐದು ಮಕ್ಕಳ ಹೋಮ್‌ಸ್ಕೂಲ್ ಮನೆ: ಡಲ್ಲಾಸಿಗೆ ಬರುತ್ತಿರುವ ತಂಗಿಗೆ

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ನೀನು ಕೇಳಿದ್ದು ಇಷ್ಟು: ಯಜಮಾನರಿಗೆ ಡಲ್ಲಾಸಲ್ಲಿ ಕೆಲಸ ಆಗಿದೆ, ಮೂರು ಮಕ್ಕಳನ್ನು ಕಟ್ಟಿಕೊಂಡು ಜನವರಿಯಲ್ಲಿ ಮೈಸೂರಿಂದ ಬರುತ್ತಿದ್ದೀರಿ, ದೊಡ್ಡವಳಿಗೆ 8, ನಡುವಿನವನಿಗೆ 5, ಚಿಕ್ಕದಕ್ಕೆ 2. ವರ್ಷದ ಮಧ್ಯದಲ್ಲಿ ಹೊಸ ಸ್ಕೂಲಿಗೆ ಹಾಕುವ ಬದಲು ನಮ್ಮ ಹಾಗೆ ಮನೆಯಲ್ಲೇ ಓದಿಸಿದರೆ ಹೇಗೆ? ಐದು ಮಕ್ಕಳನ್ನು ಇಟ್ಟುಕೊಂಡು ನಮ್ಮ ಮನೆಯಲ್ಲಿ ದಿನ ಹೇಗೆ ಸಾಗುತ್ತದೆ, ತಲೆ ಕೆಡಲ್ವಾ?

ಕೆಡುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾವು ಬಂದಿದ್ದು 2007ರಲ್ಲಿ. ಇಲ್ಲಿ ಕನ್ನಡದವರ ಮನೆಯಲ್ಲಿ ಐದು ಮಕ್ಕಳು ಅಂದರೆ ಜನ ಎರಡು ಸಲ ಎಣಿಸಿ ನೋಡುತ್ತಾರೆ. ಇಬ್ಬರು ಸಾಕು ಅಂದುಕೊಂಡಿದ್ದೆವು, ಇನ್ನೊಂದಿರಲಿ ಅಂದಾಗ ಅವಳಿ ಆಯ್ತು, ಕೊನೆಯವನು ಯಾರನ್ನೂ ಕೇಳದೆ ಬಂದ. ಈಗ 17, 15, 11, 11 ಮತ್ತು 6. ಮನೆಯಲ್ಲಿ ಓದಿಸೋಕೆ ಶುರು ಮಾಡಿದ್ದರ ಹಿಂದೆ ದೊಡ್ಡ ಆದರ್ಶ ಏನೋ ಇತ್ತು ಅಂದುಕೊಳ್ಳಬೇಡ. ದೊಡ್ಡವನು ಎರಡನೇ ಕ್ಲಾಸು, ಎರಡನೆಯವಳು ಆಗ ತಾನೇ ಕಿಂಡರ್‌ಗಾರ್ಟನ್, ಅವಳಿಗಳಿಗೆ ಎರಡು ವರ್ಷ. ಮಧ್ಯಾಹ್ನ ಸ್ಕೂಲ್ ಬಿಡುವ ಹೊತ್ತಿಗೆ ಕಾರಿನ ಸಾಲಲ್ಲಿ ನಿಲ್ಲಬೇಕು, 40 ನಿಮಿಷ, ಹೊರಗೆ ಟೆಕ್ಸಸ್ ಬಿಸಿಲು, ಎ.ಸಿ. ಹಾಕಿಕೊಂಡು ಇಂಜಿನ್ ಓಡಿಸುತ್ತಲೇ ಕೂರಬೇಕು, ಹಿಂದೆ ಎರಡು ಕೂಸು ಸರಿಯಾಗಿ ನಿದ್ದೆಯ ಹೊತ್ತಿಗೆ ಸೀಟಿಗೆ ಬಿಗಿಸಿಕೊಂಡು ಕಿರುಚುತ್ತಾ ಇರುತ್ತವೆ. ಹೀಗೆ ಒಂದು ವರ್ಷ. ಒಂದಿನ ಆ ಸಾಲಲ್ಲೇ ಕೂತು ಅತ್ತುಬಿಟ್ಟೆ. ಆ ಬೇಸಿಗೆಯಲ್ಲಿ ಎದುರು ಮನೆಯಾಕೆ, ಒಂಬತ್ತು ಮಕ್ಕಳ ತಾಯಿ, 12 ಸೀಟಿನ ವ್ಯಾನ್ ಓಡಿಸುವವಳು, ತಣ್ಣಗೆ ಕೇಳಿದಳು: ಕಳಿಸಲೇಬೇಕು ಅಂತ ಯಾರು ಹೇಳಿದರು?

ನಿಜವಾಗಿಯೂ ಟೆಕ್ಸಸಲ್ಲಿ ಯಾರೂ ಹೇಳಲ್ಲ. ಇಲ್ಲಿ ಮನೆಶಾಲೆಯನ್ನು ಖಾಸಗಿ ಶಾಲೆ ಅಂತಲೇ ಪರಿಗಣಿಸುತ್ತಾರೆ. ಲೀಪರ್ ಅನ್ನುವ ಕುಟುಂಬ ಮತ್ತು ಇತರರು ಹೂಡಿದ ಮೊಕದ್ದಮೆಯಲ್ಲಿ 1994ರಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟೇ ಅದನ್ನು ಒಪ್ಪಿಕೊಂಡಿತು. ಓದುವುದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕನ ನಡವಳಿಕೆ, ಈ ಐದನ್ನು ಪುಸ್ತಕವನ್ನೋ ಪರದೆಯನ್ನೋ ಇಟ್ಟುಕೊಂಡು ಪ್ರಾಮಾಣಿಕವಾಗಿ ಕಲಿಸಬೇಕು, ಅಷ್ಟೇ. ನೋಂದಣಿ ಇಲ್ಲ, ಸರ್ಕಾರದ ಪರೀಕ್ಷೆ ಇಲ್ಲ, ಮನೆಗೆ ಬಂದು ನೋಡುವವರಿಲ್ಲ. ಆರು ವರ್ಷ ತುಂಬುವ ತನಕ ಕಡ್ಡಾಯವೇ ಇಲ್ಲ, ಅಂದರೆ ನಿನ್ನ ನಡುವಿನವನ ಬಗ್ಗೆ ಈಗ ತಲೆ ಕೆಡಿಸಿಕೊಳ್ಳೋದೇ ಬೇಡ. ಒಂದು ಸಲ ಪಬ್ಲಿಕ್ ಸ್ಕೂಲಿಗೆ, ಅಂದರೆ ಇಲ್ಲಿಯ ಸರ್ಕಾರಿ ಶಾಲೆಗೆ, ಸೇರಿಸಿ ಆಮೇಲೆ ಬಿಡಿಸುವುದಾದರೆ ಮಾತ್ರ ಇಂಥ ತಾರೀಕಿನಿಂದ ಮನೆಯಲ್ಲಿ ಓದಿಸುತ್ತೇವೆ ಅಂತ ಪತ್ರ ಕೊಡು, ಸುಮ್ನೆ ಕಳಿಸೋದು ನಿಲ್ಲಿಸಬೇಡ. ಆದರೆ ಇದು ಟೆಕ್ಸಸ್ ಮಾತು. ಯಜಮಾನರ ಪ್ರಾಜೆಕ್ಟ್ ನಾಳೆ ನ್ಯೂಯಾರ್ಕಿಗೆ ಹೋದರೆ ಅಲ್ಲಿ ವರ್ಷದ ಯೋಜನೆ ಬರೆದು ಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಪೆನ್ಸಿಲ್ವೇನಿಯಾದಲ್ಲಿ ಮಗುವಿನ ಕೆಲಸದ ಫೈಲ್ ಇಟ್ಟು ಪ್ರತಿ ವರ್ಷ ಮೌಲ್ಯಮಾಪನ ಮಾಡಿಸಬೇಕು. ನನ್ನ ಒಡಹುಟ್ಟಿದ ತಂಗಿ ಇರುವ ಜರ್ಮನಿಯಲ್ಲಂತೂ ಇದು ಕಾನೂನಿಗೇ ವಿರುದ್ಧ, ಅವಳಿಗೆ ನಾನು ಮಾಡುತ್ತಿರುವುದು ಅಪರಾಧದ ಹಾಗೆ ಕಾಣುತ್ತದೆ!

ವೀಸಾ ಬಗ್ಗೆ ಕೇಳಿದ್ದೆ. ಎಚ್1ಬಿ ಕೆಲಸದ ವೀಸಾದವರ ಹೆಂಡತಿ ಮಕ್ಕಳಿಗೆ ಸಿಗುವ ಎಚ್4ನಲ್ಲಿ ಇದ್ದು ನಿನ್ನ ಮಕ್ಕಳಿಗೆ ನೀನು ಪಾಠ ಹೇಳಿದರೆ ಅದು ಉದ್ಯೋಗವಲ್ಲ. ಕೆಲಸದ ಪರ್ಮಿಟ್ ಇಲ್ಲದೆ ಬೇರೆಯವರ ಮಕ್ಕಳಿಗೆ ದುಡ್ಡು ತಗೊಂಡು ಹೇಳಿಕೊಡೋ ಹಾಗಿಲ್ಲ. ನಮ್ಮ ಕಾಲದಲ್ಲಿ ಎಚ್4ನವರಿಗೆ ಆ ಪರ್ಮಿಟ್ಟೂ ಇರಲಿಲ್ಲ, ಅದು ಬಂದಿದ್ದು 2015ರಲ್ಲಿ, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ. ಅಷ್ಟರಲ್ಲಿ ನನ್ನ ಕಂಕುಳಲ್ಲಿ ಎರಡೂ ಕಡೆ ಒಂದೊಂದು ಕೂಸಿತ್ತು.

ಈಗ ದಿನದ ವಿಷಯ. ಶುರುವಿನಲ್ಲಿ ನಾನು ಮಾಡಿದ್ದು ದೊಡ್ಡ ತಪ್ಪು. ಅರಸೀಕೆರೆಯಲ್ಲಿ ನಾನು ಓದಿದ ಶಾಲೆಯನ್ನೇ ಇಲ್ಲಿ ಊಟದ ಮೇಜಿನ ಮೇಲೆ ಕಟ್ಟಲು ಹೋದೆ. ಟೈಮ್ ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದೆ, ಒಂಬತ್ತಕ್ಕೆ ಪ್ರಾರ್ಥನೆ, ಒಂಬತ್ತು ಕಾಲಿಗೆ ಗಣಿತ, ಗಂಟೆ ಒಂದು ಹೊಡೆಯಲಿಲ್ಲ ಅಷ್ಟೇ. ಮೂರು ವಾರಕ್ಕೆ ನನ್ನ ಗಂಟಲೂ ಹೋಯಿತು, ಮಕ್ಕಳ ಪ್ರೀತಿಯೂ ಹೋಗುವುದರಲ್ಲಿತ್ತು. ಎದುರು ಮನೆಯಾಕೆ ಬಂದು ನೋಡಿ ನಕ್ಕಳು. ನಲವತ್ತು ಮಕ್ಕಳ ಕ್ಲಾಸಲ್ಲಿ ಹಾಜರಿ, ಸಾಲು, ಕಾಯುವುದು ಎಲ್ಲಾ ಸೇರಿ ಆರು ಗಂಟೆ ಬೇಕು. ಎಂಟು ವರ್ಷದ ಒಂದು ಮಗುವಿನ ಪಕ್ಕ ಕೂತು ಹೇಳಿಕೊಟ್ಟರೆ ಒಂದೂವರೆ, ಎರಡು ಗಂಟೆಯಲ್ಲಿ ದಿನದ ಪಾಠ ಮುಗಿಯುತ್ತದೆ. ಎಂಟನೇ ಕ್ಲಾಸಿನವರಿಗೆ ಮೂರು ನಾಲ್ಕು ಗಂಟೆ. ಪಾಠ ಕಷ್ಟವೇ ಅಲ್ಲ ಕಣೆ. ಏಳು ಜನ ದಿನವಿಡೀ ಒಂದೇ ಮನೆಯಲ್ಲಿ ಇದ್ದಾಗ ಮೂರು ಹೊತ್ತು ಊಟ, ಬಟ್ಟೆ, ಪಾತ್ರೆ, ಮತ್ತು ಪಾಠದ ಮಧ್ಯೆ ಗೋಡೆಗೆ ಬಣ್ಣ ಹಚ್ಚುವ ಒಂದು ಚಿಕ್ಕದು, ಕಷ್ಟ ಇರೋದು ಅಲ್ಲಿ.

ಊಟದಿಂದಲೇ ಹೇಳುತ್ತೇನೆ. ಏಳು ಜನಕ್ಕೆ ತಲಾ ಮೂರು ದೋಸೆ ಅಂದರೂ 21, ದೊಡ್ಡವನು ಮೂರಕ್ಕೆ ನಿಲ್ಲುವವನಲ್ಲ. ಒಂದು ಹೆಂಚಿನ ಮೇಲೆ ಒಂದೊಂದೇ ಹುಯ್ದುಕೊಂಡು ನಿಂತರೆ ಅಲ್ಲಿಗೆ ಬೆಳಗ್ಗೆ ಮುಗಿಯಿತು. ಇಲ್ಲಿಯವರು ಪ್ಯಾನ್‌ಕೇಕ್ ಮಾಡುವ ಉದ್ದನೆಯ ಕರೆಂಟ್ ಹೆಂಚು ಸಿಗುತ್ತದೆ, ಅದರಲ್ಲಿ ಒಂದೇ ಸಲಕ್ಕೆ ಆರು ಸೆಟ್ ದೋಸೆ ಬೇಯುತ್ತವೆ. ಅದನ್ನು ತಗೊಂಡ ದಿನ ನನಗೆ ಚಿನ್ನ ತಗೊಂಡಷ್ಟು ಖುಷಿಯಾಗಿತ್ತು. ವಾರದ ದಿನ ಅವಲಕ್ಕಿ, ಉಪ್ಪಿಟ್ಟು, ಇಲ್ಲಾಂದ್ರೆ ಹಾಲಿಗೆ ಸೀರಿಯಲ್, ಯಾರೂ ಕೊಂಕು ಮಾತಾಡುವ ಹಾಗಿಲ್ಲ. ಹಾಲು ವಾರಕ್ಕೆ ನಾಲ್ಕು ಗ್ಯಾಲನ್, ಅಂದರೆ 15 ಲೀಟರು, ಅದರಲ್ಲಿ ಒಂದು ಗ್ಯಾಲನ್ ಮೊಸರಿಗೆ. ಚಳಿಗಾಲದಲ್ಲಿ ಹಿಟ್ಟು ಹುದುಗದಿದ್ದರೆ ಓವನ್ನಿನೊಳಗೆ ಬರೀ ದೀಪ ಹಾಕಿ ರಾತ್ರಿ ಇಡು. ಬಟ್ಟೆಗೆ ಒಬ್ಬೊಬ್ಬರಿಗೆ ಒಂದೊಂದು ದಿನ, ಎಂಟು ದಾಟಿದವರು ತಮ್ಮದನ್ನು ತಾವೇ ಮೆಷಿನ್ನಿಗೆ ಹಾಕಿ ಮಡಿಚಬೇಕು. ಕಾಲುಚೀಲಕ್ಕೆ ಎದುರು ಮನೆಯಾಕೆಯ ಉಪಾಯ: ಒಬ್ಬೊಬ್ಬ ಮಗುವಿಗೆ ಒಂದೊಂದೇ ಬಣ್ಣ. ಜೋಡಿ ಹುಡುಕುವ ಕೆಲಸವೇ ಇಲ್ಲ.

ಪಾಠಕ್ಕೆ ಕೂರುವುದು ಒಂಬತ್ತರ ಆಸುಪಾಸು. ಮೊದಲ ಸರದಿ ಯಾವಾಗಲೂ ಚಿಕ್ಕವನದು. ಅವನಿಗೆ ಇಪ್ಪತ್ತು ನಿಮಿಷ ಪೂರ್ತಿ ಅಮ್ಮ ಸಿಕ್ಕಿಬಿಟ್ಟರೆ ಆಮೇಲೆ ಒಂದು ಗಂಟೆ ನನ್ನ ತಂಟೆಗೆ ಬರಲ್ಲ. ಅವನನ್ನು ಕೊನೆಗೆ ಇಟ್ಟರೆ ಎಲ್ಲರ ಪಾಠವೂ ಹಾಳು. ಅವನು ಎರಡು ವರ್ಷದವನಿದ್ದಾಗ ಒಂದು ಅಗಲ ತಟ್ಟೆಗೆ ರವೆ ಸುರಿದು ಎರಡು ಲೋಟ ಕೊಡುತ್ತಿದ್ದೆ. ನೆಲವೆಲ್ಲಾ ರವೆ ಆಗುತ್ತಿತ್ತು, ಆದರೆ ದೊಡ್ಡವನ ಭಿನ್ನರಾಶಿ ಮುಗಿಯುತ್ತಿತ್ತು. ನಿನ್ನ ಚಿಕ್ಕದಕ್ಕೂ ಇದೇ ಮಾಡು, ರವೆ ಜರಡಿ ಹಿಡಿದು ಇಟ್ಟುಕೊಂಡರೆ ಮಾರನೇ ದಿನಕ್ಕೂ ಆಗುತ್ತದೆ, ಉಪ್ಪಿಟ್ಟಿಗೆ ಮಾತ್ರ ಬೇಡ.

ಎಲ್ಲಾ ಚೆನ್ನಾಗಿದೆ ಅನ್ನುವ ಹಾಗೆ ಬರೆದುಬಿಟ್ಟೆನೇನೋ. ಮೂರು ವರ್ಷದ ಹಿಂದಿನ ಒಂದು ಮಾತು ಹೇಳುತ್ತೇನೆ. ನಮ್ಮ ಮಾವ ತಿಪಟೂರಿನಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ಮೊಮ್ಮಕ್ಕಳು ಸ್ಕೂಲಿಗೆ ಹೋಗಲ್ಲ ಅನ್ನುವುದು ಅವರಿಗೆ ನುಂಗಲಾರದ ತುತ್ತು. ಭಾನುವಾರ ವಿಡಿಯೋ ಕಾಲಲ್ಲಿ ಮಗ್ಗಿ ಕೇಳುತ್ತಾರೆ, ಕನ್ನಡದಲ್ಲೇ ಹೇಳಬೇಕು. ಅವತ್ತು ಅವಳಿಗಳಲ್ಲಿ ಒಬ್ಬಳು ಸ್ನಾನಕ್ಕೆ ಹೋಗಿದ್ದಳು. ಇನ್ನೊಬ್ಬಳನ್ನು ಕೇಳಿದರು, ಏಳೆಂಟ್ಲ? ಅವಳು ಬಲಕ್ಕೆ ತಿರುಗಿದಳು. ಅಲ್ಲಿ ಖಾಲಿ ಕುರ್ಚಿ. ಏಳ್ಮೂರ್ಲ? ಮತ್ತೆ ಕುರ್ಚಿ ಕಡೆ ನೋಡಿದಳು. ಮಾವ ಏನೂ ಬೈಯಲಿಲ್ಲ, ನೀರು ಕುಡಿದು ಬಾ ಮಗಳೇ ಅಂತ ಅವಳನ್ನು ಕಳಿಸಿ, ನನಗೆ ಒಂದೇ ಮಾತು ಹೇಳಿದರು: ಪುಸ್ತಕ ತಿದ್ದುತ್ತಾ ಇದ್ದೀಯಮ್ಮ, ಮಗೂನ ನೋಡಿಲ್ಲ. ಆಮೇಲೆ ಕೂತು ಹಳೆಯ ಪುಸ್ತಕ ತೆಗೆದು ನೋಡಿದರೆ ನಾಲ್ಕು ತಿಂಗಳಿಂದ ಅವಳು ಅಕ್ಕನ ಪುಸ್ತಕ ನೋಡಿಯೇ ಬರೆದಿದ್ದಳು. ಅಕ್ಕ ಅಂದರೆ ಹನ್ನೊಂದು ನಿಮಿಷ ದೊಡ್ಡವಳು. ತಪ್ಪು ಕೂಡ ಇಬ್ಬರದೂ ಒಂದೇ ಕಡೆ, ಅದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮನೆ ತುಂಬಾ ಮಕ್ಕಳಿದ್ದರೆ ಜೋರಾಗಿ ಅಳುವವರು, ಜೋರಾಗಿ ಕೇಳುವವರು ಕಾಣುತ್ತಾರೆ, ಸುಮ್ಮನೆ ಕೂತವಳು ಕಾಣುವುದಿಲ್ಲ. ಅವತ್ತಿನಿಂದ ಅವಳ ಮಗ್ಗಿ ಅಜ್ಜನ ಜವಾಬ್ದಾರಿ, ನಮ್ಮ ರಾತ್ರಿ ಎಂಟೂವರೆ, ಅವರ ಬೆಳಗಿನ ಕಾಫಿ ಹೊತ್ತು. ಈಗ ಅವಳೇ ಅಜ್ಜನಿಗೆ ಹತ್ತೊಂಬತ್ತರ ಮಗ್ಗಿ ಕೇಳುತ್ತಾಳೆ.

ಕನ್ನಡದ ಬಗ್ಗೆ ಒಂದು ಭ್ರಮೆ ಇದ್ದರೆ ಬಿಟ್ಟುಬಿಡು. ಮನೆಯಲ್ಲೇ ಇದ್ದರೆ ಕನ್ನಡ ತಾನಾಗಿ ಬರುತ್ತದೆ ಅಂತ ನಾನೂ ನಂಬಿದ್ದೆ. ಐದು ಮಕ್ಕಳು ಸೇರಿದರೆ ತಮ್ಮ ತಮ್ಮಲ್ಲೇ ಇಂಗ್ಲಿಷ್ ಶುರುವಾಗುತ್ತದೆ, ದೊಡ್ಡವನು ಸ್ಕೂಲಿಂದ ತಂದ ಭಾಷೆ ಎಲ್ಲರಿಗೂ ಇಳಿಯಿತು. ನಮ್ಮಲ್ಲಿ ಅಡುಗೆಮನೆ ಹೊಸ್ತಿಲು ದಾಟಿದರೆ ಕನ್ನಡ ಅಂತ ನಿಯಮ. ಹಸಿದವರಿಗೆ ಭಾಷೆ ಬೇಗ ಬರುತ್ತದೆ.

ಗುಂಪುಗಳ ಬಗ್ಗೆ ಎಚ್ಚರ. ಮನೆಯಲ್ಲಿ ಓದಿಸುವ ಕುಟುಂಬಗಳು ಸೇರಿ ವಾರಕ್ಕೊಂದು ದಿನ ಒಟ್ಟಿಗೆ ಕಲಿಸುವ ಕೋ-ಆಪ್‌ಗಳು ಇಲ್ಲಿ ಬೇಕಾದಷ್ಟಿವೆ, ಹೆಚ್ಚಿನವು ಚರ್ಚ್ ಹಾಲುಗಳಲ್ಲಿ. ಕೆಲವಕ್ಕೆ ಸೇರಬೇಕಾದರೆ ಕ್ರೈಸ್ತ ನಂಬಿಕೆಯ ಹೇಳಿಕೆಗೆ ಸಹಿ ಹಾಕಬೇಕು. ನಾನು ಓದದೆ ಸಹಿ ಹಾಕಲು ಹೊರಟಿದ್ದೆ, ಪೆನ್ನು ಕೊಟ್ಟಾಕೆಯೇ ನಯವಾಗಿ ಒಂದು ಸಲ ಓದಿ ನೋಡಿ ಅಂದಳು, ಪುಣ್ಯಾತ್ಗಿತ್ತಿ. ಎಲ್ಲರಿಗೂ ತೆರೆದ ಗುಂಪುಗಳೂ ಇವೆ, ಕೇಳಿ ಸೇರು. ವಿಜ್ಞಾನದ ಪುಸ್ತಕ ಕೊಳ್ಳುವ ಮುಂಚೆಯೂ ತಿರುವಿ ನೋಡು, ಭೂಮಿಗೆ ಕೆಲವೇ ಸಾವಿರ ವರ್ಷ ವಯಸ್ಸು ಅಂತ ಹೇಳುವ ಪಠ್ಯಗಳೂ ಈ ಮಾರುಕಟ್ಟೆಯಲ್ಲಿವೆ. ಲೈಬ್ರರಿ ಮಾತ್ರ ಕಣ್ಣು ಮುಚ್ಚಿ ನಂಬು, ನಾವು ಮಂಗಳವಾರ ಎಳೆಯುವ ಗಾಡಿ ತಗೊಂಡೇ ಹೋಗುತ್ತೇವೆ.

ಇಂಡಿಯಾಗೆ ವಾಪಸ್ ಹೋಗಬೇಕಾಗಿ ಬಂದರೆ? ಎಚ್1ಬಿ ಮನೆಯಲ್ಲಿ ಈ ಪ್ರಶ್ನೆ ಯಾವಾಗಲೂ ಇರಬೇಕು. ಅಲ್ಲಿ ಸ್ಕೂಲುಗಳು ಟಿ.ಸಿ. ಕೇಳುತ್ತವೆ, ಹಾಗಾಗಿ ಮೊದಲ ದಿನದಿಂದಲೇ ಏನು ಓದಿದಳು, ಯಾವ ಪುಸ್ತಕ, ಬರೆದ ಕೆಲಸ ಎಲ್ಲಾ ಫೈಲ್ ಮಾಡು. ಕೊನೆಗೆ ಎನ್‌ಐಒಎಸ್ ಅನ್ನುವ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ, 14 ತುಂಬಿದ ಮೇಲೆ ಅದರ ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಬಹುದು. ಇಲ್ಲಿ ಕಾಲೇಜಿಗೆ ತೊಂದರೆ ಇಲ್ಲ. ನಮ್ಮ ದೊಡ್ಡವನು ಹೈಸ್ಕೂಲ್ ವಯಸ್ಸಲ್ಲೇ ಕಮ್ಯುನಿಟಿ ಕಾಲೇಜಲ್ಲಿ ಎರಡು ವಿಷಯ ಓದುತ್ತಿದ್ದಾನೆ, ಅವನ ಅಂಕಪಟ್ಟಿ ತಯಾರಿಸುವುದು ನಾನೇ. (ಇಲ್ಲಿ 15ಕ್ಕೆ ಕಾರು ಕಲಿಸುವುದನ್ನೂ ಅಪ್ಪ ಅಮ್ಮನೇ ಮಾಡಬಹುದು. ಅದು ನಮ್ಮವರ ಪಾಲಿಗೆ ಬಂತು, ಅವರ ಬಿ.ಪಿ. ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ.)

ನೀನು ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಮಕ್ಕಳಿಗೆ ಗೆಳೆಯರು ಸಿಗುತ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ಐದು ಮಕ್ಕಳಿದ್ದ ಕಡೆ ಗೆಳೆತನ, ಜಗಳ ಎರಡಕ್ಕೂ ಬರ ಇಲ್ಲ. ಅಮ್ಮನಿಗೆ ಯಾರು ಸಿಗುತ್ತಾರೆ ಅಂತ ಯಾರೂ ಕೇಳಲ್ಲ. ಇಲ್ಲಿ ರಸ್ತೆಯಲ್ಲಿ ಒಬ್ಬ ಮನುಷ್ಯ ನಡೆದು ಹೋಗುವುದು ಕಾಣಿಸಲ್ಲ, ತರಕಾರಿ ಗಾಡಿ ಕೂಗಲ್ಲ, ಪಕ್ಕದ ಮನೆಯವರು ಸಕ್ಕರೆ ಕೇಳಿಕೊಂಡು ಬರಲ್ಲ. ಸ್ಕೂಲಿಗೆ ಕಳಿಸುವ ತಾಯಂದಿರಿಗೆ ಗೇಟಿನ ಹತ್ತಿರವಾದರೂ ನಾಲ್ಕು ಮುಖ ಪರಿಚಯ ಆಗುತ್ತದೆ. ಮನೆಯಲ್ಲಿ ಓದಿಸುವವಳಿಗೆ ಕಾರು ಓಡಿಸೋಕೆ ಬರದೆ ಹೋದರೆ ಅದೂ ಇಲ್ಲ. ಬಂದ ಹೊಸದರಲ್ಲಿ ದೊಡ್ಡವರ ಹತ್ತಿರ ಒಂದು ಪೂರ್ತಿ ಮಾತೂ ಆಡದೆ ಕಳೆದ ವಾರಗಳು ನನಗೆ ಇನ್ನೂ ನೆನಪಿವೆ.

ಅದಕ್ಕೇ ನೀನು ಈ ಜನವರಿಯಲ್ಲೇ ಶುರು ಮಾಡಬೇಡ. ದೊಡ್ಡವಳನ್ನು ಮೇ ತನಕ ಪಬ್ಲಿಕ್ ಸ್ಕೂಲಿಗೆ ಹಾಕು, ದುಡ್ಡು ಕೊಡಬೇಕಾಗಿಲ್ಲ, ಅವಳ ಜೊತೆ ನಿನಗೂ ಊರು ಗೊತ್ತಾಗುತ್ತದೆ. ಅಷ್ಟರಲ್ಲಿ ನೀನು ಲೈಸೆನ್ಸ್ ತಗೋ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಮೂವರನ್ನೂ ಮನೆಯಲ್ಲಿ ಇಟ್ಟುಕೊಂಡು ನೋಡು. ಆಗಸ್ಟಲ್ಲಿ ಸ್ಕೂಲ್ ಶುರುವಾಗುವ ಹೊತ್ತಿಗೆ ನಿನಗೇ ಗೊತ್ತಿರುತ್ತದೆ.

ಬಂದ ಮೇಲೆ ಒಂದಿನ ನಮ್ಮ ಮನೆಗೆ ಬಾ. ಶನಿವಾರ ಬೇಡ, ಅವತ್ತು ಮನೆ ಗುಡಿಸಿರುತ್ತೇವೆ, ನಿನಗೆ ಏನೂ ಗೊತ್ತಾಗಲ್ಲ. ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಬಾ, ಮಕ್ಕಳನ್ನೂ ಕರ್ಕೊಂಡು. ಬುಧವಾರ ಚಿತ್ರಾನ್ನ ಮಾಡುವುದು ಎರಡನೆಯವಳು, ಕಡಲೆಕಾಯಿ ಕೈತುಂಬಾ ಹಾಕುತ್ತಾಳೆ. ಮಕ್ಕಳಿಗೆ ಆಗಲ್ಲ ಅಂತಿದ್ದರೆ ಮೊದಲೇ ಹೇಳು.