‘ಯೂಸ್ಡ್ ಟು’ ಮುಂದೆ ‘ಲಿವ್’ ಬರ್ತದೋ, ‘ಲಿವಿಂಗ್’ ಬರ್ತದೋ?

ಇಂಟರ್‌ವ್ಯೂಗೆ ಅಂತ ನೀವು ಬರೆದುಕೊಂಡ ‘ಐ ಆ್ಯಮ್ ಯೂಸ್ಡ್ ಟು ಲಿವ್ ಇನ್ ಬೀದರ್’ ತಪ್ಪು ನೋಡ್ರಿ, ಅದರಲ್ಲಿ ಎರಡು ಬೇರೆ ರಚನೆ ಕಲೆತುಬಿಟ್ಟಿವೆ. ಮೊದಲು ಬೀದರಿನಲ್ಲಿದ್ದೆ, ಈಗ ಕಲಬುರಗಿಗೆ ಬಂದಿದ್ದೇನೆ ಅನ್ನೋದಾದರೆ ‘ಆ್ಯಮ್’ ತೆಗೀರಿ: ‘ಐ ಯೂಸ್ಡ್ ಟು ಲಿವ್ ಇನ್ ಬೀದರ್’. ‘ಆ್ಯಮ್’ ಇಟ್ಟರೆ ರೂಢಿಯಾಗಿದೆ ಅಂತ ಅರ್ಥ. ಆಗ ಮುಂದೆ ನಾಮಪದ ಇಲ್ಲವೇ ‘ಇಂಗ್’ ರೂಪ ಬೇಕು: ‘ಐ ಆ್ಯಮ್ ಯೂಸ್ಡ್ ಟು ದ ಹೀಟ್’, ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ಇನ್ ದ ಹೀಟ್’. (ಮೇ ತಿಂಗಳ ಕಲಬುರಗಿ ಬಿಸಿಲು ಯಾರಿಗೆ ರೂಢಿಯಾಗ್ತದೋ, ಆ ಮಾತು ಬೇರೆ.)

ನಮ್ಮ ಕಡೆ ಇನ್ನೊಂದು ತಪ್ಪು ಬಹಳ ಕೇಳಿಬರ್ತದೆ: ‘ಐ ಯೂಸ್ ಟು ಗೋ ಡೈಲಿ’. ಈಗಿನ ರೂಢಿ ಹೇಳಲು ಈ ರಚನೆಯೇ ಇಲ್ಲ, ‘ಐ ಗೋ ಡೈಲಿ’ ಅಂದರೆ ಸಾಕು. ಮಾತಿನಲ್ಲಿ ‘ಯೂಸ್ಟು’ ಅಂತ ಕೂಡಿಬಿಡುವುದರಿಂದ ‘ಡಿ’ ಕಿವಿಗೆ ಬೀಳೋದಿಲ್ಲ, ಬರೆಯುವಾಗಲೂ ಬಿಟ್ಟುಹೋಗ್ತದೆ. ‘ಡಿಡ್’ ಬಂದಾಗ ಮಾತ್ರ ಅದನ್ನು ಬಿಡಲೇಬೇಕು: ‘ಐ ಡಿಡಂಟ್ ಯೂಸ್ ಟು ಡ್ರಿಂಕ್ ಟೀ’.

ಎಷ್ಟು ವರ್ಷ ಅಂತ ಲೆಕ್ಕ ಕೊಡೋದಾದರೆ ‘ಯೂಸ್ಡ್ ಟು’ ಬೇಡವೇ ಬೇಡ: ‘ಐ ಲಿವ್ಡ್ ಇನ್ ಬೀದರ್ ಫಾರ್ 3 ಇಯರ್ಸ್’. ಇಂಟರ್‌ವ್ಯೂನಲ್ಲಿ ನಿಮಗೆ ಹೆಚ್ಚಾಗಿ ಬೇಕಾಗೋದು ಇದೇ.