ವಿಶ್ವಸಂಸ್ಥೆ ನೌಕರಿ: ವೀಸಾ ಯಾರಿಗೆ, ರಕ್ಷಣೆ ಯಾವುದಕ್ಕೆ?

ಪತ್ರ: ಮಗಳಿಗೆ ವಿಶ್ವಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ. ಮೊದಲು ಜಿನೀವಾ, ಆಮೇಲೆ ನ್ಯೂಯಾರ್ಕ್‌ಗೆ ವರ್ಗವಾಗಬಹುದಂತೆ. ‘ಇನ್ನು ಅವಳು ರಾಯಭಾರಿ ಇದ್ದ ಹಾಗೆ. ತೆರಿಗೆ ಇಲ್ಲ, ಪೊಲೀಸರು ಮುಟ್ಟೋ ಹಾಗಿಲ್ಲ’ ಅನ್ನುತ್ತಾರೆ ನೆಂಟರು. ಅಳಿಯ ಕೆಲಸ ಬಿಟ್ಟು ಜೊತೆಗೆ ಹೋಗಬಹುದೇ? ನಾನೂ ಹೋಗಿ ಅಲ್ಲೇ ಇರಬಹುದೇ? — ಒಬ್ಬ ತಾಯಿ

ಉತ್ತರ: ಅಮ್ಮಾ, ಮಗಳಿಗೆ ನಮ್ಮ ಅಭಿನಂದನೆ ತಿಳಿಸಿ. ನೆಂಟರ ಮಾತಿನಲ್ಲಿ ಸ್ವಲ್ಪ ನಿಜವಿದೆ, ತಪ್ಪು ಜಾಸ್ತಿ ಇದೆ. ಅದನ್ನು ನಂಬಿ ಮನೆಯವರೆಲ್ಲ ನಿರ್ಧಾರ ಮಾಡಿಬಿಟ್ಟರೆ ಆಮೇಲೆ ಕಷ್ಟ.

ರಾಯಭಾರಿ ಒಂದು ದೇಶದ ಪ್ರತಿನಿಧಿ. ಅವರ ಸವಲತ್ತು ಇರುವುದು 1961ರ ವಿಯೆನ್ನಾ ಒಪ್ಪಂದದಲ್ಲಿ. ವಿಶ್ವಸಂಸ್ಥೆಯ ನೌಕರರು ಯಾವ ದೇಶದ ಪರವಾಗಿಯೂ ಇರುವುದಿಲ್ಲ. ಅವರಿಗೆ 1946ರ ಬೇರೆಯೇ ಒಪ್ಪಂದವಿದೆ. ಅದರ ಪ್ರಕಾರ ರಾಯಭಾರಿಗೆ ಸಮನಾದ ರಕ್ಷಣೆ ಸಿಗುವುದು ಪ್ರಧಾನ ಕಾರ್ಯದರ್ಶಿ ಮತ್ತು ಅವರ ಕೆಳಗಿನ ಅತಿ ಹಿರಿಯ ಅಧಿಕಾರಿಗಳಿಗೆ ಮಾತ್ರ. ಉಳಿದವರಿಗೆ ರಕ್ಷಣೆ ಇರುವುದು ಕೆಲಸದ ಭಾಗವಾಗಿ ಆಡಿದ ಮಾತಿಗೆ, ಬರೆದ ಬರಹಕ್ಕೆ, ಮಾಡಿದ ಕೆಲಸಕ್ಕೆ. ಮಗಳು ಬರೆದ ವರದಿಯಿಂದ ಯಾವುದೋ ಸರ್ಕಾರಕ್ಕೆ ಸಿಟ್ಟು ಬಂದರೆ ಅವಳ ಮೇಲೆ ಕೇಸು ಹಾಕಲಾಗದು. ಅದೇ ಮಗಳು ಭಾನುವಾರ ಸ್ವಂತ ಕಾರಿನಲ್ಲಿ ಯಾರಿಗೋ ಗುದ್ದಿದರೆ ಅಲ್ಲಿನ ಕಾನೂನು ಎಲ್ಲರಿಗೆ ಹೇಗೋ ಅವಳಿಗೂ ಹಾಗೇ.

ಈ ರಕ್ಷಣೆ ಯಾಕೆ ಬೇಕು ಅನ್ನುವುದಕ್ಕೆ ಮಲೇಷ್ಯಾದ ಪರಂ ಕುಮಾರಸ್ವಾಮಿ ಅವರ ಪ್ರಕರಣ ನೋಡಿ. ಅವರು ಸಂಬಳದ ನೌಕರರಲ್ಲ, ನ್ಯಾಯಾಧೀಶರ ಸ್ವಾತಂತ್ರ್ಯದ ಬಗ್ಗೆ ವರದಿ ಮಾಡಲು ವಿಶ್ವಸಂಸ್ಥೆಯಿಂದ ನೇಮಕವಾದ ತಜ್ಞ. ಒಂದು ಪತ್ರಿಕೆಗೆ ಕೊಟ್ಟ ಸಂದರ್ಶನಕ್ಕಾಗಿ ಅವರ ಮೇಲೆ ಅವರ ದೇಶದಲ್ಲೇ ಮಾನನಷ್ಟ ಮೊಕದ್ದಮೆಗಳು ಬಿದ್ದವು. ಅದು ವಿಶ್ವಸಂಸ್ಥೆಯ ಕೆಲಸದ ಭಾಗವಾಗಿ ಆಡಿದ ಮಾತು, ಅವರಿಗೆ ರಕ್ಷಣೆ ಇದೆ ಎಂದು 1999ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. ಇಂಥ ಆಸರೆ ಇಲ್ಲದಿದ್ದರೆ ಯಾರು ತಾನೇ ಧೈರ್ಯವಾಗಿ ವರದಿ ಬರೆದಾರು? ಆದರೆ ಅದೇ ಒಪ್ಪಂದದಲ್ಲಿ ಇನ್ನೊಂದು ಮಾತೂ ಇದೆ. ಈ ಸವಲತ್ತು ಸಂಸ್ಥೆಯ ಹಿತಕ್ಕೆ, ನೌಕರರ ಸ್ವಂತ ಲಾಭಕ್ಕಲ್ಲ. ನ್ಯಾಯಕ್ಕೆ ಅಡ್ಡಿಯಾಗುತ್ತಿದ್ದರೆ, ಸಂಸ್ಥೆಯ ಹಿತಕ್ಕೂ ಧಕ್ಕೆ ಇಲ್ಲದಿದ್ದರೆ, ಪ್ರಧಾನ ಕಾರ್ಯದರ್ಶಿ ಅದನ್ನು ತೆಗೆದುಹಾಕಬಹುದು. ತೆಗೆದುಹಾಕುವುದು ಅವರ ಕರ್ತವ್ಯವೂ ಹೌದು. ನನಗೆ ಇದು ಬಹಳ ಸರಿ ಅನ್ನಿಸುತ್ತದೆ.

ತೆರಿಗೆಯ ಮಾತು ಬೇಗ ಮುಗಿಸುತ್ತೇನೆ. ಸಂಸ್ಥೆ ಕೊಡುವ ಸಂಬಳಕ್ಕೆ ದೇಶಗಳು ತೆರಿಗೆ ಹಾಕುವಂತಿಲ್ಲ, ನಿಜ. ಆದರೆ ವಿಶ್ವಸಂಸ್ಥೆಯೇ ಸಂಬಳದಿಂದ ತನ್ನದೊಂದು ಕಡಿತ ಮಾಡಿಕೊಳ್ಳುತ್ತದೆ. ಅಮೆರಿಕದಂಥ ಕೆಲವು ದೇಶಗಳು ಮಾತ್ರ ತಮ್ಮ ಪ್ರಜೆಗಳಿಂದ ತೆರಿಗೆ ಕೇಳುತ್ತವೆ, ಅದನ್ನು ಸಂಸ್ಥೆ ಅವರಿಗೆ ತುಂಬಿಕೊಡುತ್ತದೆ.

ಈಗ ನಿಮ್ಮ ನಿಜವಾದ ಚಿಂತೆಗೆ ಬರೋಣ. ಜಿನೀವಾದಲ್ಲಿ ಮಗಳಿಗೆ ಸ್ವಿಸ್ ವಿದೇಶಾಂಗ ಇಲಾಖೆ ಲೆಜಿಟಿಮೇಷನ್ ಕಾರ್ಡ್ ಕೊಡುತ್ತದೆ. ಅಲ್ಲಿ ವಾಸಿಸಲು ಅದೇ ಪರವಾನಗಿ. ನ್ಯೂಯಾರ್ಕ್‌ಗೆ ಹೋದರೆ ಇಂಥ ಸಂಸ್ಥೆಗಳ ನೌಕರರಿಗೆ ಅಮೆರಿಕ ಕೊಡುವ ಜಿ-4 ವೀಸಾ. ಎರಡೂ ನಿಂತಿರುವುದು ಕೆಲಸದ ಮೇಲೆ. ಕೆಲಸ ಮುಗಿದರೆ ಅಲ್ಲಿರುವ ಹಕ್ಕೂ ಮುಗಿಯಿತು, ಗಂಡನದೂ ಸೇರಿ. ಮಕ್ಕಳಾದರೆ ಅವರಿಗೂ ಇದೇ ಲೆಕ್ಕ. ಜಿ-4ರಲ್ಲಿ ಮಕ್ಕಳನ್ನು ಸಾಮಾನ್ಯವಾಗಿ 21 ವರ್ಷದವರೆಗೆ, ಓದುತ್ತಿದ್ದರೆ 23ರವರೆಗೆ ಕುಟುಂಬದವರೆಂದು ಎಣಿಸುತ್ತಾರೆ. ಅಲ್ಲೇ ಬೆಳೆದ ಹುಡುಗರು ಆ ವಯಸ್ಸಿಗೆ ಬಂದಾಗ ತಂದೆತಾಯಿ ಪಡುವ ಆತಂಕ ಸುಮ್ನೆ ಅಲ್ಲ.

ಅಳಿಯ ಖಂಡಿತ ಜೊತೆಗೆ ಹೋಗಬಹುದು. ಹೋದ ತಕ್ಷಣ ಕೆಲಸ ಮಾಡುವಂತಿಲ್ಲ, ಅಷ್ಟೇ. ಜಿನೀವಾದಲ್ಲಿ ಕೆಲಸ ಸಿಕ್ಕಿದರೆ ತಮ್ಮ ಕಾರ್ಡಿನ ಬದಲು ‘ಸಿಐ’ ಎಂಬ ಪರವಾನಗಿ ಪಡೆಯಬಹುದು. ದಾರಿ ಸಾಕಷ್ಟು ಸುಲಭ, ಕೆಲಸ ಸಿಗುವುದೇ ಕಷ್ಟ. ಅಮೆರಿಕದಲ್ಲಿ ಮೊದಲು ಅರ್ಜಿ ಹಾಕಿ ಅನುಮತಿ ಬರುವವರೆಗೆ ಕಾಯಬೇಕು. ಎರಡೂ ಕಡೆ ಅವರ ಗಳಿಕೆಗೆ ತೆರಿಗೆ ಇದೆ. ವಿಶ್ವಸಂಸ್ಥೆ ನೌಕರರ ಸಂಗಾತಿಗಳು ಕಟ್ಟಿಕೊಂಡ ವೃತ್ತಿಯನ್ನು ಬಿಟ್ಟು ಹೋಗುವುದರ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ರಾಜೀನಾಮೆಗೆ ಮೊದಲು ದೀರ್ಘ ರಜೆ ಸಿಗುತ್ತದೆಯೇ ಎಂದು ಅಳಿಯ ಕೇಳಿ ನೋಡಲಿ.

ನಿಮ್ಮ ವಿಷಯ ಹೇಳಲು ನನಗೂ ಕಷ್ಟವೇ. ಕುಟುಂಬ ಎಂದರೆ ಅಲ್ಲಿ ಮುಖ್ಯವಾಗಿ ಗಂಡ ಹೆಂಡತಿ ಮತ್ತು ಮಕ್ಕಳು. ತಾಯಿ ಪೂರ್ತಿ ಮಗಳನ್ನೇ ನಂಬಿದ್ದಾರೆ ಎಂದು ಸಂಸ್ಥೆಯೂ ಆ ದೇಶವೂ ಒಪ್ಪಿದರೆ ಕೆಲವೊಮ್ಮೆ ಅವಕಾಶ ಸಿಗುತ್ತದೆ. ಇಲ್ಲದಿದ್ದರೆ ಸಂದರ್ಶಕರ ವೀಸಾದಲ್ಲಿ ಹೋಗಿ ಕೆಲವು ತಿಂಗಳು ಇದ್ದು ಬರಬೇಕು.

ಟಿಕೆಟ್ ತೆಗೆಸುವ ಮೊದಲು ಒಂದು ಕೆಲಸ ಮಾಡಿ. ಮಗಳ ನೇಮಕಾತಿ ಪತ್ರದಲ್ಲಿ ಅವಳನ್ನು ‘ಸಿಬ್ಬಂದಿ’ ಎಂದು ಬರೆದಿದ್ದಾರೋ ‘ಸಲಹೆಗಾರ್ತಿ’ ಎಂದೋ ನೋಡಿ. ಮೇಲೆ ಹೇಳಿದ್ದೆಲ್ಲ ಸಿಬ್ಬಂದಿಗೆ. ಸಲಹೆಗಾರರ ಕರಾರು ಬೇರೆ, ಅದರಲ್ಲಿ ಕುಟುಂಬದ ವೀಸಾ ಇರಲೇಬೇಕೆಂದೇನೂ ಇಲ್ಲ. ಅನುಮಾನವಿದ್ದರೆ ಸಂಸ್ಥೆಯ ಸಿಬ್ಬಂದಿ ವಿಭಾಗಕ್ಕೆ ಮಗಳೇ ಬರೆದು, ಉತ್ತರವನ್ನು ಲಿಖಿತವಾಗಿ ತರಿಸಿಕೊಳ್ಳಲಿ.

— ಸಂಪಾದಕ