ಸೈನ್ಯಕ್ಕೆ ಬ್ಯಾಂಡ್ ಯಾಕೆ ಬೇಕು? ಯುದ್ಧ ಬಂದರೆ ವಾದಕರು ಏನು ಮಾಡುತ್ತಾರೆ?

ಬ್ಯಾಂಡ್ ಹುಟ್ಟಿದ್ದು ಮೆರವಣಿಗೆಗಲ್ಲ, ಆಜ್ಞೆ ಮುಟ್ಟಿಸಲು. ಇಂದು ಯುದ್ಧ ಬಂದರೆ ವಾದಕರಲ್ಲಿ ಬಹಳಷ್ಟು ಜನ ಗಾಯಾಳುಗಳನ್ನು ಸ್ಟ್ರೆಚರ್‌ನಲ್ಲಿ ಹೊರುತ್ತಾರೆ.

ರೇಡಿಯೋ ಇಲ್ಲದ ಕಾಲವನ್ನು ಯೋಚಿಸಿ. ಮದ್ದಿನ ಹೊಗೆಯಲ್ಲಿ ಬಾವುಟ ಕಾಣುವುದಿಲ್ಲ, ಅಧಿಕಾರಿಯ ಕೂಗು ಕೇಳುವುದಿಲ್ಲ. ಡೋಲಿನ ಏಟು, ಕಹಳೆಯ ದನಿ ಮಾತ್ರ ದೂರ ಹೋಗುತ್ತವೆ. ಮುನ್ನುಗ್ಗು, ನಿಲ್ಲು, ಹಿಂದೆ ಸರಿ ಅನ್ನುವುದಕ್ಕೆಲ್ಲ ಒಂದೊಂದು ನುಡಿಸುವ ಕ್ರಮವಿತ್ತು. ಇನ್ನೊಂದು ಉಪಯೋಗವೂ ಇತ್ತು. ಆಗಿನ ಬಂದೂಕಿಗೆ ಗುರಿ ಸಾಲದು, ಹಾಗಾಗಿ ಸಾಲಾಗಿ ನಿಂತು ಒಟ್ಟಿಗೆ ಗುಂಡು ಹಾರಿಸಬೇಕಿತ್ತು. ಸಾಲು ಮುರಿಯಬಾರದು ಅಂದರೆ ಹೆಜ್ಜೆ ಒಂದೇ ತಾಳದಲ್ಲಿ ಬೀಳಬೇಕು, ಅಲ್ವಾ?

ದೊಡ್ಡ ಡೋಲು, ಒಂದಕ್ಕೊಂದು ಬಡಿಯುವ ಲೋಹದ ತಾಳಗಳನ್ನು ಯುರೋಪಿನ ಸೈನ್ಯಗಳು 18ನೇ ಶತಮಾನದಲ್ಲಿ ಕಲಿತದ್ದು ಆಟೊಮನ್ ತುರ್ಕರ 'ಮೆಹ್ತರ್' ವಾದ್ಯತಂಡಗಳಿಂದ. ಎದುರಾಳಿಯ ಎದೆ ನಡುಗಿಸುವುದರಲ್ಲಿ ಅವು ಹೆಸರುವಾಸಿ.

ಆಮೇಲೆ ಟೆಲಿಫೋನ್, ರೇಡಿಯೋ ಬಂದವು, ಸಂದೇಶದ ಕೆಲಸ ಹೋಯಿತು. ಆದರೂ ಸೈನ್ಯಗಳು ಬ್ಯಾಂಡ್ ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ವಾದಕರು ವಾದ್ಯ ಕೆಳಗಿಟ್ಟು, ಗುಂಡಿನ ನಡುವೆ ಗಾಯಾಳುಗಳನ್ನು ಹೊತ್ತು ತಂದರು. ಭಾರತೀಯ ಸೇನೆಯ ವಾದಕರಿಗೂ ಈ ಹೊಣೆ ಇದೆ. ಸುಮ್ನೆ ಶೋಕಿಗೆ ಇರುವವರು ಅಂದುಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ.

ನಮ್ಮಲ್ಲಿ ಸೇನಾ ಸಂಗೀತ ಕಲಿಸುವ ಪ್ರಮುಖ ಕೇಂದ್ರ ಮಧ್ಯಪ್ರದೇಶದ ಪಚಮಢಿಯಲ್ಲಿದೆ. ಅದು 1950ರಲ್ಲಿ ಶುರುವಾದದ್ದು ಆಗಿನ ಸೇನಾ ಮುಖ್ಯಸ್ಥ, ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಆಸಕ್ತಿಯಿಂದ.